ಬಾಯಿ ಹೊಲಿದ ಜೇಬು

ಮೂರನೇ ಡ್ರಾಯರ್ ಅರ್ಧಕ್ಕೇ ಸಿಕ್ಕಿಕೊಂಡಿತು. ಅಣ್ಣ ನೆಲಕ್ಕೆ ಮೊಣಕಾಲೂರಿ ಎರಡೂ ಕೈಯಿಂದ ಎಳೆದ. ಅಳತೆ ಟೇಪು, ಸವೆದ ಸೀಮೆಸುಣ್ಣ, ಮುರಿದ ಸೂಜಿಗಳ ಡಬ್ಬಿ ಎಲ್ಲ ನೆಲಕ್ಕೆ ಚೆಲ್ಲಿದವು. ಗೋಡೆಯ ಆಚೆ, ಮುಂದಿನ ಕೋಣೆಯಲ್ಲಿ ಅಮ್ಮನನ್ನು ಮಲಗಿಸಿದ್ದರು. ಹನ್ನೊಂದಕ್ಕೆ ಸ್ಮಶಾನದ ವ್ಯಾನ್ ಬರುವುದಿತ್ತು.

"ಮೆಲ್ಲಗೆ ಅಣ್ಣ. ಹೊರಗೆ ಜನ ಇದ್ದಾರೆ," ಎಂದಳು ತಂಗಿ.

"ಇದ್ರೆ ಇರ್ಲಿ. ಎಲ್ಲಾದ್ರೂ ಬಚ್ಚಿಟ್ಟೇ ಇರ್ತಾಳೆ. ನಂಗೊತ್ತಿಲ್ವಾ ಅಮ್ಮನ್ನ?"

"ಡಾಕ್ಟ್ರು ಹಾರ್ಟು ಅಂತ ಬರೆದುಕೊಟ್ಟಿದ್ದಾರಲ್ಲ."

"ಡಾಕ್ಟ್ರು ಎರಡು ನಿಮಿಷ ನೋಡಿ ಬರೆದ್ರು. ಹನ್ನೊಂದು ವರ್ಷ ಆ ನೋವಿನ ಮಾತ್ರೆ ನುಂಗಿದವಳಿಗೆ ಬರೀ ಹಾರ್ಟು ಅಂದ್ರೆ ನಾನು ನಂಬಬೇಕಾ? ಬೀಗದ ಡಬ್ಬಿ ತಾ."

ತಂಗಿ ಡಬ್ಬಿ ತಂದಿಟ್ಟು, ಕುತ್ತಿಗೆಯ ಸರದಲ್ಲಿದ್ದ ಕೀಲಿ ತೆಗೆದು ಕೊಟ್ಟಳು. ಅಣ್ಣ ಡಬ್ಬಿ ತೆರೆದ, ಡಾಕ್ಟರ ಚೀಟಿಯ ತಾರೀಖು ನೋಡಿದ, ಸ್ಟ್ರಿಪ್ಪುಗಳನ್ನು ಮಂಚದ ಮೇಲೆ ಸಾಲಾಗಿ ಇಟ್ಟು ಎಣಿಸಿದ. ದಿನಕ್ಕೆ ಎರಡರಂತೆ ಎಷ್ಟು ಮುಗಿದಿರಬೇಕೋ ಅಷ್ಟೇ ಮುಗಿದಿತ್ತು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅವನಿಗೆ ಸಮಾಧಾನವಾಗಲಿಲ್ಲ. ಇಷ್ಟು ಸರಿಯಾಗಿರುವುದೇ ಸರಿಯಿಲ್ಲ ಎನ್ನುವಂತೆ ತಂಗಿಯ ಮುಖ ನೋಡಿದ.

ಅವಳು ಬಗ್ಗಿ ನೆಲದ ಮೇಲಿನ ಸೂಜಿಗಳನ್ನು ಆಯತೊಡಗಿದಳು. ಡಬ್ಬಿಯಿಂದ ಹೋದ ಮಾತ್ರೆಗಳು ಅಮ್ಮನ ಹೊಟ್ಟೆಗೆ ಹೋಗಿರಲಿಲ್ಲ. ಬಾಗಿಲ ಹಿಂದೆ ನೇತುಹಾಕಿದ್ದ ತಂಗಿಯದೇ ಕೈಚೀಲದೊಳಗಿದ್ದವು, ಕರವಸ್ತ್ರದಲ್ಲಿ ಗಂಟು ಕಟ್ಟಿ.

*

ಹನ್ನೊಂದು ವರ್ಷದ ಹಿಂದೆ ಬಸ್ಸಿನ ಮೆಟ್ಟಿಲಿಂದ ಜಾರಿದಾಗ ಅಮ್ಮನ ಬೆನ್ನು ಹೋಯಿತು. ಮೂಳೆ ಕೂಡಿಕೊಂಡಿತು, ನೋವು ಮಾತ್ರ ಮನೆಯವರಲ್ಲೊಬ್ಬರಂತೆ ಉಳಿದುಬಿಟ್ಟಿತು. ಬೀದಿಗೆಲ್ಲ ಅವಳು ಟೈಲರಮ್ಮ. ಗಂಡ ಸತ್ತ ಮೇಲೆ ಒಂದೇ ಮಿಷನ್ನಿನಲ್ಲಿ ಇಬ್ಬರನ್ನು ಓದಿಸಿದವಳು. ಬೆಳಿಗ್ಗೆ ಒಂದು ಮಾತ್ರೆ ನುಂಗಿ, ಅರ್ಧ ಗಂಟೆ ಕಾದು, ಆಮೇಲೆ ಪೆಡಲಿನ ಮೇಲೆ ಕಾಲಿಡುವಳು. "ಗಾಡಿಗೆ ಎಣ್ಣೆ ಬಿತ್ತು, ಇನ್ನು ಹೊರಡ್ಲಿ," ಎನ್ನುವಳು.

ನೋವು ಕಣ್ಣಿಗೆ ಕಾಣುವಂಥದ್ದಲ್ಲ. ಅದೇ ಅವಳ ಗ್ರಹಚಾರ. ಗಾಯವಿದ್ದರೆ ತೋರಿಸಬಹುದಿತ್ತು. ತೋರಿಸಲು ಏನೂ ಇಲ್ಲದ ಕಾರಣ ಮೊದಲ ವರ್ಷ ಅಯ್ಯೋ ಎಂದವರು ಮೂರನೇ ವರ್ಷ ಹೌದಾ ಎಂದರು, ಐದನೇ ವರ್ಷ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಚಟ ಆಗಿದೆ," ಎಂದ ಮಗ. "ಮದುವೆ ಮನೆಗೆ ಹೊರಟರೆ ನೋವಿರಲ್ಲ, ನಮ್ಮ ಮನೆಗೆ ಬಾ ಅಂದ್ರೆ ಇರುತ್ತೆ," ಎಂದಳು ಸೊಸೆ. ಒಂದು ತಿಂಗಳು ಚೀಟಿಯ ಅವಧಿಗೆ ಎಂಟು ದಿನ ಮೊದಲೇ ಮಾತ್ರೆ ಮುಗಿದಾಗ ಡಬ್ಬಿಗೆ ಬೀಗ ಬಿತ್ತು. ಕೀಲಿ ಮಗಳ ಕೈಗೆ ಬಂತು. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಇಂಥದ್ದು ಅವಳಿಗೆ ತಿಳಿಯುತ್ತದೆ ಎಂದು ಎಲ್ಲರ ಲೆಕ್ಕ.

ತಿಳಿಯುತ್ತದೆ ಎಂದು ಅವಳೂ ನಂಬಿದ್ದಳು. ಮೂರು ವಾರದ ಹಿಂದೆ ಅಂಗಡಿಯ ಕಪಾಟು ಒರೆಸುವಾಗ ಒಂದು ಕ್ಯಾಲ್ಸಿಯಂ ಮಾತ್ರೆ ಕಣ್ಣಿಗೆ ಬಿತ್ತು. ಅದೇ ಬಿಳಿ, ಅದೇ ದುಂಡು, ನಡುವೆ ಅದೇ ಗೀರು. ಒಮ್ಮೆ ಕೊಟ್ಟು ನೋಡೋಣ, ನಿಜವಾದ ನೋವೋ ಅಲ್ಲವೋ ಗೊತ್ತಾಗಲಿ ಎನ್ನಿಸಿತು. ಮರುದಿನ ಬೆಳಿಗ್ಗೆ ಅಮ್ಮನ ಅಂಗೈಗೆ ಅದನ್ನೇ ಹಾಕಿದಳು.

ಅಮ್ಮ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ತಿರುಗಿಸಿದಳು. ಎರಡು ತೂತಿನ ಗುಂಡಿಯೋ ನಾಲ್ಕು ತೂತಿನದೋ ಎಂದು ನೋಡದೆಯೇ ಹೇಳುವ ಬೆರಳುಗಳು.

"ಇದೇನೇ, ಹೊಸದಾ?"

"ಅದೇ ಅಮ್ಮ. ಕಂಪನಿ ಬೇರೆ, ಅಷ್ಟೆ."

"ಹೌದಾ," ಎಂದು ನೀರಿನ ಲೋಟ ತೆಗೆದುಕೊಳ್ಳಲು ಆ ಕಡೆ ತಿರುಗಿದಳು.

ಸಂಜೆ ಮಗಳು ಕೇಳಿದಳು, "ಬೆನ್ನು ಹೇಗಿದೆ?"

"ಪರವಾಗಿಲ್ಲ ಕಣೆ. ಕಡಿಮೆ ಇದೆ."

ಅಂದು ಮಗಳಿಗೆ ಕಳ್ಳನನ್ನು ಹಿಡಿದಷ್ಟು ಖುಷಿಯಾಯಿತು. ನಾಚಿಕೆಗೇಡಿನ ಖುಷಿ, ಆದರೆ ಆಯಿತು. ಒಂದು ತಿಂಗಳು ತುಂಬಲಿ, ಅಣ್ಣನಿಗೆ ಹೇಳೋಣ ಎಂದು ಸುಮ್ಮನಿದ್ದಳು. ಇಂಥ ಮಾತ್ರೆಯನ್ನು ಒಂದೇ ಏಟಿಗೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ನಿಧಾನಕ್ಕೆ ಬಿಡಿ ಎಂದು ಗಿರಾಕಿಗಳಿಗೆ ದಿನಕ್ಕೆ ನಾಲ್ಕು ಸಲ ಹೇಳುವವಳು ಅವಳೇ. ಅಮ್ಮನ ಕುತ್ತಿಗೆಯ ಬೆವರು ಕಂಡು ಸೆಕೆ ಎಂದುಕೊಂಡಳು. ಲೋಟ ಹಿಡಿದ ಕೈ ನಡುಗಿದರೆ ವಯಸ್ಸು ಎಂದುಕೊಂಡಳು. ಇಪ್ಪತ್ತು ದಿನ ಎರಡೆರಡು, ನಿನ್ನೆ ಬೆಳಿಗ್ಗೆ ಒಂದು, ಒಟ್ಟು ನಲವತ್ತೊಂದು. ನಿನ್ನೆ ಮಧ್ಯಾಹ್ನ ಅಮ್ಮ ಮಿಷನ್ನಿನ ಮೇಲೆ ತಲೆಯಿಟ್ಟು ಕೂತವಳು ಏಳಲಿಲ್ಲ.

*

ಮುಂದಿನ ಕೋಣೆಯಲ್ಲಿ ಕುರ್ಚಿಗಳು ಸಾಲದೆ ಜನ ಬಟ್ಟೆಯ ಗಂಟುಗಳ ಮೇಲೂ ಕೂತಿದ್ದರು. ಸಾವಿನ ಮನೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದರೆ ಏನು ಬೇಕಾದರೂ ಮಾತಾಡಬಹುದು ಎಂದು ನಮ್ಮ ಜನ ತಿಳಿದಿದ್ದಾರೆ.

"ಟೈಲರಮ್ಮ ಬಂಗಾರ," ಎಂದರು ನಿವೃತ್ತ ಮೇಷ್ಟ್ರು. "ರಿಪೇರಿಗೆ ಕೊಟ್ಟ ಕೋಟಿನ ಜೇಬಲ್ಲಿ ನನ್ನ ಉಂಗುರ ಮರೆತಿದ್ದೆ. ಅದನ್ನ ಅದೇ ಜೇಬಲ್ಲಿಟ್ಟು, ಬೀಳದ ಹಾಗೆ ಜೇಬಿನ ಬಾಯಿ ಹೊಲಿದು ಕೊಟ್ಟಿದ್ರು. ಒಂದು ಮಾತು ಹೇಳ್ಲಿಲ್ಲ. ಮನೇಲಿ ದಾರ ಎಳೆದಾಗ ಕೈಗೆ ಬಂತು."

"ಎಲ್ಲರಿಗೂ ಹಾಗೇ," ಎಂದಳು ಎದುರು ಮನೆಯ ನರ್ಸಮ್ಮ. "ನಂಗೆ ಒಂದ್ಸಲ ಹಳೇ ಬಸ್ ಟಿಕೆಟ್ಟನ್ನೂ ಹೊಲಿದು ಕೊಟ್ಟಿದ್ಳು. ಕೇಳಿದ್ರೆ, ನಿಮ್ಮದು ನಿಮಗೆ ಸೇರ್ಬೇಕಪ್ಪ, ನಂಗ್ಯಾಕೆ ಅಂದ್ಳು."

ಜನ ಸಣ್ಣಗೆ ನಕ್ಕರು.

"ಈಚೆಗೆ ಮಾತ್ರ ಕೈ ಕೆಟ್ಟಿತ್ತು," ಎಂದರು ಮೇಷ್ಟ್ರು. "ಹೋದ ವಾರ ಕೊಟ್ಟ ಪ್ಯಾಂಟಿನ ಹೊಲಿಗೆ ಹಾವು ಹರಿದ ಹಾಗಿತ್ತು. ಕಣ್ಣು ಮಂಜಾಗಿರ್ಬೇಕು ಅಂದ್ಕೊಂಡೆ."

ಮಗಳು ಕೈಯಲ್ಲಿದ್ದ ನೀರಿನ ಲೋಟಗಳ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಮೂರು ವಾರದಿಂದ ಹೊಲಿಗೆ ಸೊಟ್ಟಗಾಗಿದ್ದು ಈ ಮನೆಯಲ್ಲೇ ಇದ್ದ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಮಾತ್ರೆ ಬದಲಾದದ್ದು ಅಮ್ಮನಿಗೆ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದಾದರೆ ಕೊಟ್ಟ ಸುಳ್ಳು ಮಾತ್ರೆಯಿಂದಲೂ ನೋವು ಕಡಿಮೆಯಾಗಿತ್ತು ಎಂದುಕೊಂಡು ಹೇಗೋ ಬದುಕಬಹುದು. ಗೊತ್ತಿತ್ತು ಎಂದಾದರೆ?

ಅಷ್ಟರಲ್ಲಿ ನರ್ಸಮ್ಮ, ಹೊದಿಸಿದ ಬಿಳಿ ಬಟ್ಟೆಯ ಅಂಚು ಬಿಟ್ಟಿದೆ, ಒಂದು ಸೂಜಿ ದಾರ ಕೊಡಿ ಎಂದಳು. ಅತ್ತಿಗೆ ಕಪಾಟಿನಿಂದ ದಾರ, ಗುಂಡಿಗಳ ಡಬ್ಬಿ ತಂದು ಮುಚ್ಚಳ ತೆಗೆದಳು. ಸೂಜಿ ಹುಡುಕುತ್ತ ಬಿಳಿ ಗುಂಡಿಗಳ ಪೊಟ್ಟಣಕ್ಕೆ ಕೈ ಹಾಕಿದವಳು, "ರೀ, ಇಲ್ಲಿ ಬನ್ನಿ," ಎಂದು ಗಂಡನನ್ನು ಕೂಗಿದಳು.

ಗುಂಡಿಗಳ ನಡುವೆ ಮಾತ್ರೆಗಳಿದ್ದವು.

"ಹೇಳ್ಲಿಲ್ವಾ ನಾನು?" ಅಣ್ಣನ ಮುಖ ಗೆದ್ದವನಂತೆ ಅರಳಿ, ಎದುರಿಗೆ ಅಮ್ಮ ಮಲಗಿರುವುದು ನೆನಪಾಗಿ ಮುದುಡಿತು. "ಕೂಡಿಟ್ಟಿದ್ಳು. ಒಂದೇ ಸಲ ನುಂಗೋಕೆ ಕೂಡಿಟ್ಟಿದ್ಳು!"

ನರ್ಸಮ್ಮ ಒಂದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು, ಉಗುರಿನಿಂದ ಕೆರೆದಳು. "ನೋವಿನ ಮಾತ್ರೆ ಅಲ್ಲಪ್ಪ ಇದು. ಬರೀ ಕ್ಯಾಲ್ಸಿಯಂ."

"ಕ್ಯಾಲ್ಸಿಯಮ್ಮಾ?" ಅಣ್ಣ ಮೆಲ್ಲನೆ ತಂಗಿಯ ಕಡೆ ತಿರುಗಿದ. "ನಿಮ್ಮ ಅಂಗಡೀದೇನೇ ಇದು?"

ಎಲ್ಲರೂ ಅವಳನ್ನೇ ನೋಡಿದರು. ಈಗ ಹೇಳಿಬಿಡಬೇಕು ಎಂದು ಅವಳಿಗೆ ಅನ್ನಿಸಿತು. ಬಾಯಿ ತೆರೆದಾಗ ಬಂದದ್ದು ಬೇರೆ ಮಾತು.

"ಹೂಂ. ನಾನೇ ತಂದುಕೊಟ್ಟಿದ್ದೆ. ಮೂಳೆಗೆ ಅಂತ."

"ನೋಡಿದ್ಯಾ, ತಿಂದೇ ಇಲ್ಲ! ಚಿಕ್ಕ ಮಕ್ಕಳ ಹಾಗೆ ಬಚ್ಚಿಟ್ಟಿದ್ದಾಳೆ." ಅಣ್ಣ ನಗಲು ಹೋಗಿ ಅತ್ತುಬಿಟ್ಟ. ಅನುಮಾನ ಹೋದ ಮೇಲೆ ಅವನ ಬಳಿ ಅಳು ಮಾತ್ರ ಉಳಿದಿತ್ತು. ಅತ್ತಿಗೆ ಗುಂಡಿ ಬೇರೆ, ಮಾತ್ರೆ ಬೇರೆ ಮಾಡಿ, ಸುಮ್ಮನಿರಲಾರದೆ ಎಣಿಸಿದಳು. "ನಲವತ್ತು."

ನಲವತ್ತೊಂದಲ್ಲ. ಮಗಳು ಆ ಒಂದಕ್ಕೆ ಜೋತುಬಿದ್ದಳು. ಒಂದನ್ನು ಅಮ್ಮ ನುಂಗಿದ್ದಾಳೆ. ಒಂದೇ ಒಂದನ್ನಾದರೂ ನಂಬಿ ನುಂಗಿದ್ದಾಳೆ. ವ್ಯಾನಿನಲ್ಲಿ ಅಮ್ಮನ ಪಕ್ಕ ಕೂತಾಗಲೂ, ಎಲ್ಲ ಮುಗಿಸಿ ಅಣ್ಣನ ಹಿಂದೆ ನಡೆದು ಬರುವಾಗಲೂ ಅವಳು ಅದನ್ನೇ ಹಿಡಿದುಕೊಂಡಿದ್ದಳು.

*

ಮಧ್ಯಾಹ್ನ ಮನೆ ತೊಳೆದು ಎಲ್ಲರೂ ಅಲ್ಲಲ್ಲಿ ಒರಗಿದ ಮೇಲೆ ಅವಳು ಮಿಷನ್ನಿನ ಮುಂದೆ ಬಂದು ಕೂತಳು. ನಿನ್ನೆ ಅಮ್ಮನ ತಲೆಯಡಿ ಇದ್ದ ಬಟ್ಟೆಯನ್ನು ಯಾರೋ ಮಡಿಸಿ ಸ್ಟೂಲಿನ ಮೇಲೆ ಇಟ್ಟಿದ್ದರು. ಬಿಡಿಸಿದಳು. ಅಂಗಡಿಗೆ ಹಾಕಿಕೊಂಡು ಹೋಗಲು ಅವಳಿಗೆಂದೇ ಹೊಲಿಯುತ್ತಿದ್ದ ಬಿಳಿ ಕೋಟು. ಹಳೆಯದರ ತೋಳು ಹರಿದು ಎರಡು ತಿಂಗಳಾಗಿತ್ತು.

ಹೊಲಿಗೆಯ ಮೇಲೆ ಬೆರಳಾಡಿಸಿದಳು. ಬೆನ್ನಿನ ಹೊಲಿಗೆ ಅಳತೆಪಟ್ಟಿ ಇಟ್ಟು ಎಳೆದಂತೆ ನೆಟ್ಟಗಿತ್ತು. ಅದು ಮೂರು ವಾರಕ್ಕೆ ಹಿಂದಿನದು. ತೋಳಿನದು ಸೊಟ್ಟ. ಬಿಚ್ಚಿ ಮತ್ತೆ ಹೊಲಿದದ್ದು, ಅದನ್ನೂ ಬಿಚ್ಚಿ ಮತ್ತೆ ಹೊಲಿದದ್ದು. ಬಟ್ಟೆಯ ತುಂಬ ಸೂಜಿಯ ಹಳೇ ತೂತುಗಳು. ಒಂದು ಕೈ ಮಿಷನ್ನಿನ ಮೇಲಿಟ್ಟು, ಹಲ್ಲು ಕಚ್ಚಿ, ಬಿಚ್ಚುತ್ತ ಕೂತ ಅಮ್ಮ ಅವಳಿಗೆ ಈಗ ಕಾಣಿಸಿದಳು. ಆಗ ಕಾಣಿಸಲಿಲ್ಲ.

"ಅಮ್ಮಾ," ಎಂದು ಒಮ್ಮೆ ಕರೆದಳು, ಯಾರಿಗೂ ಕೇಳದಷ್ಟು ಮೆಲ್ಲಗೆ.

ಎದೆಯ ಮೇಲಿನ ಜೇಬಿಗೆ ಕೈ ಹಾಕಲು ಹೋದಳು. ಬೆರಳು ಒಳಗೆ ಇಳಿಯಲಿಲ್ಲ. ಜೇಬಿನ ಬಾಯಿಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿತ್ತು. ದಾರದ ತುದಿಯನ್ನು ಎಳೆಯಲು ಸುಲಭವಾಗಲಿ ಎಂದು ಒಂದು ಬೆರಳಿನಷ್ಟು ಉದ್ದ ಬಿಟ್ಟಿತ್ತು.

ಅವಳು ಆ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಎಳೆದಳು. ದಾರ ಸಲೀಸಾಗಿ ಬಂತು. ಕೋಟನ್ನು ಬೋರಲು ಹಾಕಿದಾಗ ನಿನ್ನೆ ಬೆಳಗಿನ ಮಾತ್ರೆ ಅವಳ ಅಂಗೈಗೆ ಬಿತ್ತು, ಬಿಳಿ, ದುಂಡಗೆ, ಕೊಟ್ಟಾಗ ಹೇಗಿತ್ತೋ ಹಾಗೇ.