ಮಾರಕ್ಕನ ನೆಡುಂಗಲ್

ಮಾದೇಶನ ಗುದ್ದಲಿ ಎರಡನೆಯ ಸಲ ನೆಲಕ್ಕಿಳಿಯುವ ಮೊದಲೇ ಶಿವಣ್ಣ ಅದರ ಕಾವನ್ನು ಹಿಡಿದುಕೊಂಡ.

"ಬೇಲಿ ಒಳಗೆ ಬ್ಯಾಡ ಕಣ್ಲಾ. ನನ್ನ ವೇಲೆ ಓಯ್ತದೆ."

ಶಿವಣ್ಣ ಸತ್ತ ನಂಜಪ್ಪನ ದಾಯಾದಿ ತಮ್ಮ, ಅವನ ಮಗ ಮಾದೇಶನಿಗೆ ಚಿಕ್ಕಪ್ಪ. ಜೊತೆಗೆ ಈ ಗುಡ್ಡದ ಸರ್ಕಾರಿ ಕಾವಲುಗಾರ, ಅವನು ಹೇಳಿದ ವೇಲೆ ಈ ಕೆಲಸವೇ. ಸಾವಿಗೆಂದು ಹೆಗಲ ಮೇಲೆ ಹಾಕಿಕೊಂಡ ಟವೆಲ್ಲಿನ ಕೆಳಗೆ ಖಾಕಿ ಅಂಗಿ ಹಾಗೇ ಇತ್ತು. ಈ ಹೊತ್ತಿಗೆ ತಾನು ಎರಡರಲ್ಲಿ ಯಾವುದು ಎಂಬುದು ಅವನಿಗೇ ತೀರ್ಮಾನವಾಗಿರಲಿಲ್ಲ.

ನಂಜಪ್ಪ ಹುಣಸೆಮರದ ಕೆಳಗೆ ಚಟ್ಟದ ಮೇಲೆ ಮಲಗಿದ್ದ. ತಮಟೆಯವರು ಟೀ ಕುಡಿಯುತ್ತಿದ್ದರು. ಹೊತ್ತು ತಂದ ಭುಜಗಳೆಲ್ಲ ಈಗ ಬೀಡಿಗೆ ಬೆಂಕಿ ಕೇಳುತ್ತಿದ್ದವು. ಹೆಂಗಸರು ಮರದ ಆಚೆ ಬರುವ ಪದ್ಧತಿಯಿಲ್ಲ. ಆದರೂ ನಂಜಪ್ಪನ ಮಗಳು ರೋಜಾ ಬಂದಳು. ಬೆಳಗಿನ ಬಸ್ಸಿಗೆ ಓಮಲೂರಿನಿಂದ ಬಂದವಳನ್ನು ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ.

"ಯಾಕಣ್ಣ ನಿಂತ್ಬಿಟ್ಟೆ? ಅವ್ವನ ಪಕ್ಕಾನೇ ಅಲ್ವಾ ಗುಂಡಿ?"

ಮಾದೇಶ ಮುಖ ಒರೆಸಿಕೊಂಡ.

ಅವರ ಕುಲದಲ್ಲಿ ಗಂಡಹೆಂಡಿರಿಗೆ ಒಂದೇ ಕಲ್ಲು. ಮೊದಲು ಹೋದವರ ತಲೆಯ ಹತ್ತಿರ ಅದನ್ನು ನೆಡುತ್ತಾರೆ. ಇನ್ನೊಬ್ಬರು ಬಂದು ಪಕ್ಕದಲ್ಲಿ ಮಲಗಿದ ದಿನ ಕಿತ್ತು, ಎರಡು ತಲೆಗಳ ನಡುವೆ ನಿಲ್ಲಿಸುತ್ತಾರೆ. ಆಗಲೇ ಸಂಸಾರ ಮುಗಿಯಿತೆಂದು ಲೆಕ್ಕ. ಅಲ್ಲಿಯವರೆಗೆ ಮೊದಲು ಹೋದವರು ಧರ್ಮಪುರಿ ಬಸ್ ಸ್ಟ್ಯಾಂಡಿನಲ್ಲಿ ಕೂತ ಹಾಗೆ ಕಾಯುತ್ತಿರಬೇಕು. ಕಲ್ಲಿಗೆ ಉಳಿ ತಾಗಬಾರದು. ಗುಡ್ಡದಲ್ಲೇ ಬಿದ್ದುಕೊಂಡು ಹಾವಸೆ ಹತ್ತಿದ ಹಳೆಯ ಕಲ್ಲನ್ನೇ ಹುಡುಕಿ ತರಬೇಕು. ಹೆಂಡತಿ ಮಾರಕ್ಕನಿಗೆ ಅಂಥದನ್ನು ಹುಡುಕಲು ನಂಜಪ್ಪ ಇಡೀ ಗುಡ್ಡ ಅಲೆದಿದ್ದ. ಅವಳಿಗೆಂದು ಅವನು ಆರಿಸಿ ತಂದ ವಸ್ತು ಬಹುಶಃ ಅದೊಂದೇ.

ಈಗ ಅದರ ಬುಡದಲ್ಲಿ ನಂಬರಿನ ತಗಡಿತ್ತು. ಸುತ್ತ ತಂತಿಬೇಲಿ, ಬೇಲಿಗೆ ನೀಲಿ ಬೋರ್ಡು. ಮದುವೆಯಾಗಿ ಹೋದವಳಿಗೆ ತವರೆಂದರೆ ಮನೆ, ಗುಡ್ಡವಲ್ಲ. ರೋಜಾ ಇದನ್ನು ನೋಡುತ್ತಿರುವುದು ಇವತ್ತೇ. ಊರಿಗೆಲ್ಲ ಗೊತ್ತಿದ್ದುದನ್ನು ಊರು ಬಿಟ್ಟವಳಿಗೆ ಯಾರೂ ಹೇಳಿರಲಿಲ್ಲ.

"ಅವ್ವನ ಕಲ್ಲಿಗೆ ನಂಬರ್ ಯಾಕೆ?"

"ಅದೀಗ ಅವ್ವನ ಕಲ್ಲಲ್ಲ ಮಗಾ," ಎಂದ ಶಿವಣ್ಣ. "ನೆಡುಂಗಲ್ ಅಂತ. ಆ ಕಾಲದವ್ರು ನೆಟ್ಟ ಕಲ್ಲಂತೆ. ಮೂರ್ಸಾವ್ರ ವರ್ಸ ಆಗೈತಂತೆ, ಬೋರ್ಡಲ್ಲಿ ಐತೆ ನೋಡು."

"ನಮ್ಮವ್ವ ಸತ್ತು ಮೂರ್ಸಾವ್ರ ವರ್ಸ ಆಯ್ತಾ, ಚಿಕ್ಕಪ್ಪ?"

"ಅದು ಗೌರ್ಮೆಂಟಿಗೆ ಗೊತ್ತಿಲ್ವಲ್ಲ."

"ಯೋಳೋದು ತಾನೆ?"

"ಯೋಳ್ಬ್ಯಾಡ ಅಂದೋನೇ ನಿಮ್ಮಪ್ಪ."

*

ಮಾರಕ್ಕ ಸತ್ತು ಎರಡು ಮಳೆಗಾಲ ಕಳೆದಿತ್ತು. ಪಕ್ಕದ ಗುಡ್ಡವನ್ನು ಕ್ವಾರಿಯವರು ಅರ್ಧ ತಿಂದು ಮುಗಿಸಿ ಈ ಕಡೆ ನೋಡುತ್ತಿದ್ದರು. ಅಷ್ಟರಲ್ಲಿ ಪುರಾತತ್ವ ಇಲಾಖೆಯ ಮೇನಕಾ ಟ್ಯಾಬ್ಲೆಟ್ ಹಿಡಿದು ಗುಡ್ಡ ಹತ್ತಿದಳು. ಕುರಿ ಬಿಟ್ಟುಕೊಂಡು ಕೂತಿದ್ದ ನಂಜಪ್ಪ ದಾರಿ ತೋರಿಸಿದ. ಶಿವಣ್ಣನೂ ಹಿಂದೆ ಹೋದ. ಅವನಿಗೆ ಅವತ್ತು ಬೇರೆ ಕೆಲಸವಿರಲಿಲ್ಲ, ಯಾವತ್ತೂ ಇರುತ್ತಿರಲಿಲ್ಲ.

ಗುಡ್ಡದ ಬೆನ್ನಿನ ಮೇಲೆ ನಿಜವಾಗಿಯೂ ಹಳೆಯವು ಇದ್ದವು. ಉರುಟಾಗಿ ಹೂತ ಗುಂಡುಗಳು, ಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಮುಚ್ಚಿದ ಗೂಡುಗಳು. ಮೇನಕಾ ಒಂದೊಂದಕ್ಕೂ ಒಂದು ಹೆಸರು ಒತ್ತುತ್ತಿದ್ದಳು: ಉರುಟಿಗೆ ಕಲ್ವಟ್ಟಂ, ಗೂಡಿಗೆ ಕಲ್‌ತಿಟ್ಟೈ. ಯಾವ ಜಿಲ್ಲೆಯವರು ಬರೆದರೂ ಒಂದೇ ಪದ ಇರಬೇಕೆಂದು ದೊಡ್ಡವರು ಕೂತು ಗೊತ್ತುಮಾಡಿದ್ದರು. ಬೇರೆ ಪದವನ್ನು ಯಂತ್ರ ತೆಗೆದುಕೊಳ್ಳುತ್ತಿರಲಿಲ್ಲ.

"ಇವು ಪಾಂಡವರ ಮನೆ. ಅಂಗಂತಲೇ ಬರ್ಕೊಳಮ್ಮ," ಎಂದ ನಂಜಪ್ಪ, ತಮಿಳಿನಲ್ಲಿ.

"ಆ ಪದ ಇದರಲ್ಲಿ ಇಲ್ಲ, ತಾತಾ."

"ನಾಳೆ ಅವರು ಬಂದು ನಮ್ಮನೆ ಎಲ್ಲಿ ಅಂದ್ರೆ?"

"ಕಲ್‌ತಿಟ್ಟೈ ಅಂತ ಕೇಳೋಕೆ ಹೇಳಿ," ಎಂದಳು ಮೇನಕಾ. ಇಬ್ಬರೂ ನಕ್ಕರು.

ಕೊನೆಗೆ ಗುಡ್ಡದ ಅಂಚಿಗೆ, ಮಾರಕ್ಕನ ಕಲ್ಲಿನ ಹತ್ತಿರ ಬಂದರು. ಕುರಿಗಳು ತುಳಿದು ಮಣ್ಣಿನ ದಿಬ್ಬ ಸಮವಾಗಿತ್ತು. ಮೇನಕಾ ಕಲ್ಲಿನ ಹಾವಸೆ ಸವರಿದಳು, ಉಳಿಯ ಗುರುತು ಹುಡುಕಿದಳು, ಸಿಗಲಿಲ್ಲ. ಅವಳು ದಡ್ಡಿಯಲ್ಲ, ಹಳೆಯದಾಗಿ ಕಾಣಲೆಂದೇ ಅಂಥ ಕಲ್ಲು ತರುತ್ತಿದ್ದುದು.

"ಇಲ್ಲಿ ಈಗಲೂ ಹೂಳ್ತೀರಾ, ತಾತಾ?" ಕೇಳಿ, ಅವಳೇ ಮುಚ್ಚುಮರೆಯಿಲ್ಲದೆ ಬಿಡಿಸಿ ಹೇಳಿದಳು. ಈಗಲೂ ಹೂಳುತ್ತಿದ್ದರೆ ಇದು ಬಳಕೆಯಲ್ಲಿರುವ ಸ್ಮಶಾನ. ಅದು ಬೇರೆ ಇಲಾಖೆಯ ಕಡತ. ಕ್ವಾರಿಯವರು ಸ್ಮಶಾನಕ್ಕೆ ಬೇರೆಡೆ ಜಾಗ ಕೊಡುತ್ತೇವೆಂದು ಬರೆದುಕೊಟ್ಟು ಗುಡ್ಡ ಕೇಳಬಹುದು. ಬಳಕೆಯಲ್ಲಿಲ್ಲದಿದ್ದರೆ ಈ ಅಂಚಿನವರೆಗೂ ಬೇಲಿ ಹಾಕಿಸಬಹುದು.

ನಂಜಪ್ಪ ಪಕ್ಕದ ಗುಡ್ಡದ ಕಡೆ ನೋಡಿದ. ಅಲ್ಲಿ ಒಳಗಿನ ಬಿಳಿ ಕಾಣುತ್ತಿತ್ತು, ಕಡಿದ ತೆಂಗಿನಕಾಯಿಯ ಹಾಗೆ.

"ಇಲ್ಲಮ್ಮ. ನನಗೆ ಬುದ್ಧಿ ಬಂದಾಗಿಂದ ಇದು ಇಂಗೇ ನಿಂತೈತೆ."

ಮೇನಕಾ ನೆಡುಂಗಲ್ ಎಂದು ಒತ್ತಿದಳು. ನಂಜಪ್ಪ ತಲೆಯ ವಸ್ತ್ರ ಬಿಚ್ಚಿದ. ಮತ್ತೆ, ಬಿಸಿಲು ಜಾಸ್ತಿ ಎಂದು ಗೊಣಗಿ ಸುತ್ತಿಕೊಂಡ. ಶಿವಣ್ಣನ ಬಾಯಿ ತೆರೆದೇ ಇತ್ತು. ಅದನ್ನು ಮುಚ್ಚಿಕೊಂಡಿದ್ದಕ್ಕೇ ಮುಂದೆ ಕಾವಲುಗಾರನ ಕೆಲಸ ಸಿಕ್ಕಿತೆಂದು ಊರಿನವರು ಆಡಿಕೊಳ್ಳುತ್ತಾರೆ.

ಇಳಿಯುವಾಗ ನಂಜಪ್ಪ ಹೇಳಿದ: "ಅವಳು ಬ್ಯಾಜಾರ್ ಮಾಡ್ಕಳಲ್ಲ, ಬಿಡ್ಲಾ. ಬದುಕಿದ್ದಾಗ್ಲೂ ನಾಕ್ ಜನದ ಮುಂದೆ ಇವಳು ನನ್ನ ಎಂಡ್ತಿ ಅಂದೋನಲ್ಲ ನಾನು."

ಗುಡ್ಡ ಉಳಿಯಿತು. ಬೇಲಿ ಬಂದ ಮೇಲೆ ಕುರಿಗಳೂ ಅವನೂ ತಂತಿಯ ಈಚೆ ನಿಂತರು. ತಾನೂ ಒಂದು ದಿನ ಸಾಯುತ್ತೇನೆ ಎಂಬುದೊಂದೇ ನಂಜಪ್ಪನಿಗೆ ಹೊಳೆಯದೆ ಹೋದ ಸಂಗತಿ.

*

"ನಾನು ಯೋಳ್ತೀನಿ," ಎಂದಳು ರೋಜಾ. ಇಲಾಖೆಯ ಜೀಪು ಬರುವ ಸದ್ದಾಗುತ್ತಿತ್ತು. ಬೇಲಿಯೊಳಗೆ ಅಗೆತ ಎಂದು ಶಿವಣ್ಣನೇ ಫೋನು ಮಾಡಿದ್ದ. ಮಾಡಿದ ಮೇಲೆ ಅತ್ತಿದ್ದ ಕೂಡ.

"ಯೋಳು," ಎಂದ ಮಾದೇಶ. "ನಾಳೆ ಕ್ವಾರಿ ವಕೀಲ ಬತ್ತಾನೆ. ಇದೊಂದು ಸುಳ್ಳಾದ್ರೆ ಮಿಕ್ಕಿದ್ದೂ ಸುಳ್ಳು ಅಂತಾನೆ. ಆಮ್ಯಾಕೆ ಅವ್ವನ್ನೂ ಜಲ್ಲಿ ಮಾಡಿ ಲಾರೀಲಿ ಸೇಲಂಗೆ ಒಯ್ತಾರೆ."

"ಅಪ್ಪ ಒಬ್ನೇ ಮಲಗ್ಬೇಕಾ?"

"ಬೇಲಿಗೆ ಅಂಟ್ಕಂಡಂಗೆ ಅಗೀತೀನಿ."

ಮೇನಕಾ ಇಳಿದು ಬಂದವಳು ಹೆಣದ ಮುಖ ನೋಡಿ ತಡೆದು ನಿಂತಳು. "ಪಾಂಡವರ ಮನೆ ತಾತ," ಎಂದು ಕೈಮುಗಿದಳು. ಆಮೇಲೆ ರೋಜಾಳ ಹತ್ತಿರ ಬಂದು ಮೆಲ್ಲಗೆ ತಮಿಳಿನಲ್ಲಿ ಕೇಳಿದಳು: ಇಷ್ಟು ಜಾಗವಿದ್ದೂ ಬೇಲಿಯೊಳಗೇ ಯಾಕೆ ಅಗೆಯಲು ಹೋದಿರಿ? ಏನಾದರೂ ಸಂಪ್ರದಾಯ ಇದೆಯಾ?

ಅವಳ ದನಿಯಲ್ಲಿ ಗದರಿಕೆಯಿರಲಿಲ್ಲ. ಹೌದು ಎಂದಿದ್ದರೆ ಕೇಳಿಸಿಕೊಳ್ಳುತ್ತಿದ್ದಳೇನೋ. ಮಾದೇಶ ನೆಲ ನೋಡುತ್ತಿದ್ದ. ಬೀಡಿ ಸೇದುತ್ತಿದ್ದವರು ಹೊಗೆ ಬಿಡುವುದನ್ನು ಮರೆತರು.

"ಒಂದೂ ಇಲ್ಲ, ಮೇಡಂ," ಎಂದಳು ರೋಜಾ. "ಅಪ್ಪನಿಗೆ ಈ ಜಾಗ ಇಷ್ಟ, ಅಷ್ಟೇ." ತಮಿಳಿನಲ್ಲಿ ಹೇಳುವುದು ಸ್ವಲ್ಪ ಸುಲಭವಾಯಿತು.

ತಂತಿಯ ಈಚೆ ಗುಂಡಿಯಾಯಿತು. ಮಣ್ಣು ಹಾಕಿದರು, ಹಾಲು ಬಿಟ್ಟರು. ಕಲ್ಲು ನೆಡಲಿಲ್ಲ, ಜೋಡಿಗೆ ಒಂದೇ ಕಲ್ಲು, ಅದು ಆಚೆ ಇತ್ತು. ಊರಿನವರು ಹಿಂದಿರುಗಿ ನೋಡದೆ ಇಳಿದರು. ರೋಜಾ ಬೇಲಿಯ ಹತ್ತಿರ ನಿಂತೇ ಇದ್ದಳು.

ಒಳಗೆ ಏನೂ ಹಾಳಾಗಿಲ್ಲವೆಂದು ತೋರಿಸಲು ಮೇನಕಾಗೆ ಒಂದು ಫೋಟೋ ಬೇಕಿತ್ತು. ಕೆಂಪು ಬಿಳಿ ಪಟ್ಟೆಯ ಅಳತೆಗೋಲನ್ನು ಕಲ್ಲಿಗೆ ಒರಗಿಸಿ, ಹಿಂದೆ ಬಂದು ಫೋನು ಎತ್ತಿ, ಇಳಿಸಿದಳು.

"ಅಕ್ಕಾ, ನಿಳಲ್ ವಿಳುದು. ಕೊಂಚಂ ತಳ್ಳಿ ನಿಲ್ಲುಂಗ."

ಕಲ್ಲಿಗೆ ನೆರಳು ಬೀಳುತ್ತದೆ, ಸ್ವಲ್ಪ ಸರಿದು ನಿಲ್ಲಬೇಕಂತೆ. ರೋಜಾ ನೋಡಿದಳು. ಇಳಿಬಿಸಿಲಿಗೆ ಅವಳ ನೆರಳು ಅಪ್ಪನ ಹಸಿ ಮಣ್ಣು ದಾಟಿ, ತಂತಿಯಡಿ ನುಸುಳಿ, ಅವ್ವನ ಕಲ್ಲನ್ನು ಹತ್ತಿ ನಿಂತಿತ್ತು. ಅವಳು ಪಕ್ಕಕ್ಕೆ ಸರಿದಳು. ನೆರಳು ಕಲ್ಲಿನಿಂದ ಜಾರಿ, ಮುಳ್ಳುತಂತಿಯ ನೆರಳಿನ ಜೊತೆ ಬರೀ ನೆಲದ ಮೇಲೆ ಬಿದ್ದುಕೊಂಡಿತು.