ಹಿತ್ತಾಳೆ ಮಾಪು

ಮಗಳು ಚರ್ಚಿನ ಗಾಜಿನ ಕಪಾಟಿನ ಬೀಗ ಹಿಡಿದು ಎಳೆದಳು. ಬೀಗ ಜಗ್ಗಲಿಲ್ಲ. ಇನ್ನೊಮ್ಮೆ ಎಳೆದಾಗ ಕಪಾಟೇ ಅಲುಗಾಡಿ ಒಳಗಿದ್ದ ಹಿತ್ತಾಳೆ ಬಟ್ಟಲು ಠಣ್ಣೆಂದು ಗಾಜಿಗೆ ತಾಗಿತು. ಅವಳ ತಾಯಿಯ ಶವಪೆಟ್ಟಿಗೆಯನ್ನು ಆಗಷ್ಟೇ ಹೆಗಲಿನಿಂದ ಇಳಿಸಿದ್ದ ತೊಗಲು ಓಣಿಯ ಗಂಡಸರು ಬೆವರು ಒರೆಸಿಕೊಳ್ಳುವುದನ್ನು ಬಿಟ್ಟು ತಿರುಗಿ ನೋಡಿದರು.

"ಏನಮ್ಮಾ ಇದು? ದೇವರ ಮನೇಲಿ ಕಳ್ಳರ ಹಾಗೆ!" ಔಷಧದಂಗಡಿಯ ಯಜಮಾನರು ಮುಂದಿನ ಬೆಂಚಿನಿಂದ ಎದ್ದು ಬಂದರು. ಸಭೆಯ ಹಿರಿಯರಲ್ಲಿ ಅವರದೇ ಕೊನೆಯ ಮಾತು. ಬೀಗದ ಕೈಯೂ ಅವರ ಜೇಬಿನಲ್ಲೇ ಇತ್ತು.

"ಬೀಗದ ಕೈ ಕೊಟ್ಬಿಡಿ ಯಜಮಾನ್ರೇ. ಕಳ್ಳತನ ತಪ್ಪುತ್ತೆ."

"ಅಮ್ಮನ್ನ ಕಳಕೊಂಡಿದೀಯ, ಸಂಕಟ ಇದೆ. ಆದ್ರೆ ಮೊದಲು ಪ್ರಾರ್ಥನೆ ಆಗ್ಲಿ."

"ಪ್ರಾರ್ಥನೆ ಆಗುತ್ತೆ. ಇವತ್ತು ಪ್ರಭುಭೋಜನವೂ ಆಗುತ್ತೆ, ರೊಟ್ಟಿ, ದ್ರಾಕ್ಷಾರಸ ಎರಡೂ. ಈ ಬಟ್ಟಲಲ್ಲೇ ಆಗುತ್ತೆ. ಹಿಂದಿನ ಬೆಂಚು, ಮುಂದಿನ ಬೆಂಚು, ಎಲ್ಲರೂ ಇದೊಂದಕ್ಕೇ ಬಾಯಿ ಹಚ್ಚಬೇಕು. ಕೊನೇ ಗುಟುಕು ಅಮ್ಮನಿಗೆ. ಹಾಗಂತ ಅವಳು ನನ್ನ ಕೈ ಹಿಡಿದು ಹೇಳಿ ಹೋಗಿದಾಳೆ. ಅದಾಗದೆ ಈ ಪೆಟ್ಟಿಗೆ ಮಣ್ಣಿಗೆ ಹೋಗಲ್ಲ." ಕಡ್ಡಿ ಮುರಿದ ಹಾಗೆ ಹೇಳಿ ಅವಳು ಕಪಾಟಿಗೆ ಬೆನ್ನು ಕೊಟ್ಟು ನಿಂತಳು. ಪಾದರಕ್ಷೆ ಕಾರ್ಖಾನೆಯಲ್ಲಿ ದಿನವಿಡೀ ಮೆಷಿನ್ನಿನ ಮುಂದೆ ಬಾಗಿ ತೊಗಲು ಹೊಲಿಯುವ ಅವಳ ಬೆನ್ನು ಇವತ್ತು ನೆಟ್ಟಗಿತ್ತು.

ಪೆಟ್ಟಿಗೆಯಲ್ಲಿ ಮಲಗಿದ್ದವಳನ್ನು ಓಣಿಯೆಲ್ಲ ಸುಣ್ಣದಕ್ಕ ಎಂದು ಕರೆಯುತ್ತಿತ್ತು. ಹಸಿ ತೊಗಲನ್ನು ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ಕೊಕ್ಕೆಯಿಂದ ಎಳೆದು ದಿಮ್ಮಿಯ ಮೇಲೆ ಹರವಿ, ಎರಡು ಹಿಡಿಯ ಬಾಗು ಕತ್ತಿಯಿಂದ ಕೂದಲು ಹೆರೆಯುವುದು ಅವಳ ಕೆಲಸ. ಶನಿವಾರ ಸಂಜೆ ಗುಡಾರಕ್ಕೆ ಬಂದು—ಓಣಿಯ ಹಳಬರು ಮೊದಲಿನ ಶೆಡ್ಡಿನಂತೆ ಈ ಕಲ್ಲಿನ ಚರ್ಚನ್ನೂ ಗುಡಾರ ಎಂದೇ ಅನ್ನುತ್ತಿದ್ದರು—ನೆಲ ಒರೆಸಿ, ಪ್ರಭುಭೋಜನದ ಪುಟ್ಟ ಗ್ಲಾಸುಗಳನ್ನು ತೊಳೆದಿಡುವುದು ಅವಳ ಭಕ್ತಿ. ಆ ಭಕ್ತಿಗೂ ಈ ಕೆಲಸಕ್ಕೂ ಬೇಕಾಗಿದ್ದುದು ಅದೇ ಎರಡು ಕೈ. ಸುಣ್ಣ ತಿಂದು ಬೆರಳ ಸಂದುಗಳು ಸೀಳಿದ್ದವು. ಹೆಣಕ್ಕೆ ಸ್ನಾನ ಮಾಡಿಸುವಾಗ ಎಷ್ಟು ಉಜ್ಜಿದರೂ ಉಗುರಿನೊಳಗಿನ ಬಿಳುಪು ಹೋಗಿರಲಿಲ್ಲ.

ಬರುವ ಭಾನುವಾರ ಸಭೆಯ ಜಯಂತಿ. ಅದಕ್ಕೆಂದು ಗೋಡೆಯುದ್ದಕ್ಕೂ ಬಣ್ಣದ ಹಲಗೆಗಳನ್ನು ನಿಲ್ಲಿಸಿದ್ದರು. ಮೇಲೆ ದೊಡ್ಡದಾಗಿ, 'ನಮ್ಮ ಸಭೆ ಬೆಳೆದು ಬಂದ ಹಂತಗಳು.' ಬರೆದವರು ಕಳೆದ ವರ್ಷ ಬಂದ ಎಳೆಯ ಪಾದ್ರಿ. ಸುಣ್ಣದಕ್ಕನ ಪೆಟ್ಟಿಗೆಗೆ ಜಾಗ ಸಿಕ್ಕಿದ್ದು ಮೊದಲ ಹಲಗೆಯ ಪಕ್ಕದಲ್ಲಿ. ಅದರಲ್ಲಿ ಹೀಗಿತ್ತು: 'ಮೊದಲ ಹಂತ: ಎಳೆತನ. ತೊಗಲು ಒಣಗಿಸುವ ಶೆಡ್ಡಿನಲ್ಲಿ ಆರಾಧನೆ. ಭಾವಾವೇಶದ ವಿಶ್ವಾಸ. ಶಿಸ್ತು, ಶುಚಿತ್ವ ಇನ್ನೂ ಬಂದಿರಲಿಲ್ಲ. ಆ ಕಾಲದ ಬಟ್ಟಲನ್ನು ಕಪಾಟಿನಲ್ಲಿ ನೋಡಿ.'

"ನಮ್ಮತ್ತಿಗೆಗೆ ಒಳ್ಳೇ ಜಾಗ ಕೊಟ್ಟಿದೀರಿ," ಎಂದಳು ಸುಣ್ಣದಕ್ಕನ ನಾದಿನಿ, ಮಗಳ ಸೋದರತ್ತೆ. ಓದು ಬಾರದ ಅವಳು ಹಲಗೆಯನ್ನು ಪಕ್ಕದವಳಿಂದ ಓದಿಸಿಕೊಂಡಿದ್ದಳು. "ಶಿಸ್ತು ಬಂದ್ಮೇಲೆ ಏನಾಯ್ತು ಅಂತ ಬರೆದಿಲ್ವಾ ಅಯ್ಯನೋರೇ? ಕೈ ಕೆಸರಾದವರು ಹಿಂದಿನ ಬೆಂಚಿಗೆ, ಬಾಯಿ ಮೊಸರಾದವರು ಮುಂದಿನ ಬೆಂಚಿಗೆ. ಅದು ಎಷ್ಟನೇ ಹಂತ?"

ಪಾದ್ರಿಯ ಕಿವಿ ಕೆಂಪಾಯಿತು. "ಅಮ್ಮಾ, ನಾನು ಕೆಟ್ಟದ್ದು ಬರೆದಿಲ್ಲ. ಎಲ್ಲ ಸಭೆಗಳೂ ಹೀಗೇ ಬೆಳೀತಾವೆ ಅಂತ..."

"ಬೆಳೀಲಿ. ಬುಡ ಕಡಿದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ಯಾಕೆ ಅಂತ ಕೇಳ್ತಿದೀನಿ ಅಷ್ಟೆ."

*

ಕಪಾಟಿನಲ್ಲಿದ್ದದ್ದು ಬಟ್ಟಲೇ ಅಲ್ಲ. ತೊಗಲು ಹದಮಾಡುವ ತೊಟ್ಟಿಗೆ ತೊಗಟೆಯ ರಸ ಅಳೆದು ಹಾಕುವ ಹಿಡಿಯುಳ್ಳ ಹಿತ್ತಾಳೆ ಮಾಪು. ಮೊದಲ ಸಭೆ ಸೇರಿದ ದಿನ ಶೆಡ್ಡಿನಲ್ಲಿ ಬೇರೆ ಪಾತ್ರೆ ಇರಲಿಲ್ಲ. ಬೂದಿ ಹಾಕಿ ಬೆಳಗಿ, ಅದರಲ್ಲೇ ದ್ರಾಕ್ಷಾರಸ ಸುರಿದು, ಓಣಿಯವರು ಒಬ್ಬರಾದ ಮೇಲೆ ಒಬ್ಬರು ಕುಡಿದರು. ಊರಿನ ಯಾವ ಬಾಗಿಲಲ್ಲೂ ಯಾರ ಪಾತ್ರೆಯನ್ನೂ ಮುಟ್ಟದೆ, ಎತ್ತರದಿಂದ ಸುರಿದ ನೀರಿಗೆ ಬೊಗಸೆಯೊಡ್ಡಿಯೇ ಬದುಕಿದ ಜನ ಅವರು. ಒಂದೇ ಅಂಚಿಗೆ ಎಲ್ಲರ ತುಟಿ ತಾಗಿದಾಗ ಕೆಲವರು ಅತ್ತರು. ಪಾದ್ರಿಯವರು ಭಾವಾವೇಶ ಎಂದು ಬರೆದದ್ದು ಬಹುಶಃ ಅದನ್ನೇ.

ಸುಣ್ಣದಕ್ಕ ಆಗ ಲಂಗದ ಹುಡುಗಿ. ಬೈಬಲಿನ ವೇದಪಾಠ ಮುಗಿಸಿ ಸಭೆಯ ಮುಂದೆ ವಿಶ್ವಾಸ ಒಪ್ಪಿಕೊಂಡವರಿಗಷ್ಟೇ ಬಟ್ಟಲು, ಮಕ್ಕಳಿಗಿಲ್ಲ. ಅವಳ ತಾಯಿ ಸಾಲಿನ ಕೊನೆಯವಳು. ಅವಳು ತಲೆ ಹಿಂದಕ್ಕೆ ಚೆಲ್ಲಿ ಕೊನೆಯ ಹನಿಯನ್ನೂ ಹೀರುವಾಗ, ಗಂಟಲು ಏರಿಳಿಯುವುದನ್ನು ಹುಡುಗಿ ಕೆಳಗಿನಿಂದ ಬಾಯಿ ತೆರೆದು ನೋಡುತ್ತಿದ್ದಳು.

"ನನಗ್ಯಾವಾಗಮ್ಮಾ?"

"ದೊಡ್ಡೋಳಾಗು. ನಂದಾದ್ಮೇಲೆ ನಿಂದೇ."

ಒಂದು ಸಂಜೆ ಶೆಡ್ಡಿಗೆ ಔಷಧದಂಗಡಿಯವರ ಎಳೆ ಸೊಸೆ ಬಂದಳು. ಕಂಕುಳಲ್ಲಿ ಜ್ವರದಿಂದ ಕೆಂಡವಾದ ಕೂಸು. ಸ್ವಂತ ಅಂಗಡಿಯ ಯಾವ ಔಷಧಕ್ಕೂ ಬಗ್ಗದ ಜ್ವರ. ಓಣಿಯ ಹೆಂಗಸರು ಮಗುವನ್ನು ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ದಾಟಿಸುತ್ತ ಹಾಡಿದರು, ಬೇಡಿಕೊಂಡರು. ಮಗು ಉಳಿಯಿತು. ಮುಂದಿನ ವಾರ ಆ ಸೊಸೆಯೂ ಹಿತ್ತಾಳೆ ಮಾಪಿಗೆ ಬಾಯಿ ಹಚ್ಚಿದಳು. ಅವಳ ಹಿಂದೆ ಅವಳ ಗಂಡ, ಗಂಡನ ಹಿಂದೆ ಅಂಗಡಿ ಬೀದಿ. ಅವರ ಹಿಂದೆ ಕಲ್ಲು ಬಂತು, ಗಾರೆ ಬಂತು, ಬಣ್ಣದ ಗಾಜಿನ ಕಿಟಕಿ ಬಂತು.

ಸುಣ್ಣದಕ್ಕ ವೇದಪಾಠ ಮುಗಿಸಿದ್ದು ಕಲ್ಲಿನ ಕಟ್ಟಡ ತೆರೆದ ವರ್ಷ. ತೊಳೆದ ಲಂಗ, ಎಣ್ಣೆ ಹಚ್ಚಿದ ಜಡೆ. ಸಾಲಿನಲ್ಲಿ ಅಮ್ಮನ ಹಿಂದೆಯೇ ನಿಂತಿದ್ದಳು. ಆದರೆ ಮುಂದೆ ಬಟ್ಟಲೇ ಇರಲಿಲ್ಲ. ಮುಂದಿನ ಬೆಂಚಿಗೊಂದು, ಹಿಂದಿನ ಬೆಂಚಿಗೊಂದು, ಎರಡು ತಟ್ಟೆಗಳ ತುಂಬ ಹೆಬ್ಬೆರಳಿನಷ್ಟು ಗಾತ್ರದ ಗ್ಲಾಸುಗಳಿದ್ದವು. ಔಷಧದಂಗಡಿಯ ದೊಡ್ಡ ಯಜಮಾನರು, ಜ್ವರದಿಂದ ಉಳಿದ ಆ ಕೂಸಿನ ತಂದೆ, ಎದ್ದು ರೋಗಾಣು ಅಂದರೇನು ಎಂದು ಸಭೆಗೆ ವಿವರಿಸಿದರು. ರೋಗಾಣುವಿಗೆ ತುಂಬ ಬುದ್ಧಿಯಿತ್ತು. ಅದು ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ಹಾರುತ್ತಿತ್ತೇ ಹೊರತು ಮುಂದಿನಿಂದ ಹಿಂದಕ್ಕೆ ಹಾರುತ್ತಿರಲಿಲ್ಲ. ಹಿಂದಿನ ಬೆಂಚಿನ ಗ್ಲಾಸುಗಳ ತಳಕ್ಕೆ ಅದಕ್ಕೇ ಒಂದೊಂದು ಕೆಂಪು ಚುಕ್ಕೆ ಇಡಿಸಿದ್ದರು.

*

"ಅಯ್ಯನೋರೇ, ಪ್ರಭು ಶಿಷ್ಯರ ಜೊತೆ ಕೊನೇ ರಾತ್ರಿಯೂಟದಲ್ಲಿ ಎಷ್ಟು ಬಟ್ಟಲು ಇಟ್ಕೊಂಡಿದ್ದ?" ಎಂದು ಮಗಳು ಪಾದ್ರಿಯನ್ನು ಕೇಳಿದಳು.

ಯಜಮಾನರು ದನಿ ತಗ್ಗಿಸಿದರು. "ನಿಮ್ಮಮ್ಮ ಕೆಮ್ಮಿ ಕೆಮ್ಮಿ ಸತ್ತಿದಾಳೆ. ನಿಮ್ಮ ಮನೆಯವರಿಗೂ ಆಗಲೇ ತಗುಲಿದ್ರೆ? ಮುಂದೆ ವಯಸ್ಸಾದವರಿದಾರೆ, ನನ್ನ ತಾಯಿ ಇದಾರೆ."

"ನಿಮ್ಮ ತಾಯಿ ಶೆಡ್ಡಿನ ಕಾಲದವರು. ನಿಮ್ಮನ್ನ ಎತ್ಕೊಂಡು ಬಂದಿದ್ದೇ ಅಲ್ಲಿಗೆ," ಎಂದಳು ಅತ್ತೆ. "ನಿಮ್ಮ ಜ್ವರ ಯಾರಿಗೆ ತಗುಲ್ತೋ ಅಂತ ನಮ್ಮೋರು ಕೇಳಿದ್ರಾ? ಹೊಳೆ ದಾಟಿದ್ಮೇಲೆ ಅಂಬಿಗನ ಮೈ ನಾರುತ್ತೆ, ಅಲ್ವಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು, ಹೆಣದ ಮುಂದೆ ನಗಬಾರದೆಂದು ನೆನಪಾಗಿ ಕೆಮ್ಮಿದರು.

"ಕೊಟ್ಬಿಡಿ ಹಿರಿಯರೇ," ಎಂದರು ಪಾದ್ರಿ, ನೆಲ ನೋಡುತ್ತ. "ಒಂದು ದಿನ ತಾನೆ."

ಯಜಮಾನರು ಅವರನ್ನು ದಿಟ್ಟಿಸಿ ನೋಡಿದರು. ಬಿಸಿಲೇರುತ್ತಿತ್ತು, ಪೆಟ್ಟಿಗೆ ಏಳಬೇಕಿತ್ತು. ಬೀಗದ ಕೈ ಹೊರಗೆ ಬಂತು.

*

ಮಗಳಿಗೆ ಗ್ಲಾಸಿನ ಗುಟ್ಟು ತಿಳಿದದ್ದು ಕಾರ್ಖಾನೆಯ ಕೆಲಸಕ್ಕೆ ಸೇರಿದ ಮೇಲೆ. ಒಂದು ಶನಿವಾರ ಅಮ್ಮನ ಜೊತೆ ತೊಳೆಯಲು ಬಂದಿದ್ದಳು. ಅಮ್ಮ ಎರಡೂ ತಟ್ಟೆಯ ಗ್ಲಾಸುಗಳನ್ನು ಒಂದೇ ಬೋಗುಣಿಗೆ ಸುರಿದು ಬಿಸಿನೀರು ಹಾಕಿದಳು. ತೊಳೆದು, ತಳ ನೋಡದೆ, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ತಟ್ಟೆಗೆ ಜೋಡಿಸತೊಡಗಿದಳು.

"ಅಮ್ಮಾ, ಚುಕ್ಕೆ!"

"ಶ್! ತಟ್ಟೆಯ ತೂತಿನೊಳಗೆ ಕೂತ್ಮೇಲೆ ಯಾರಿಗೆ ಕಾಣುತ್ತೆ? ಕುಡಿಯುವಾಗ ಎಲ್ರೂ ಕಣ್ಣು ಮುಚ್ತಾರೆ."

"ಯಾವಾಗಿಂದ ಹೀಗೆ ಮಾಡ್ತಿದೀಯ?"

"ತೊಳೆಯೋಕೆ ಬಂದ ದಿನದಿಂದ. ನಿಮ್ಮತ್ತೆಗೊಬ್ಬಳಿಗೇ ಗೊತ್ತು." ಬಾಯಿಗೆ ಸೆರಗು ಅಡ್ಡ ಹಿಡಿದು ಹುಡುಗಿಯಂತೆ ನಕ್ಕಳು. "ಯಾರಾದ್ರೂ ಸತ್ತಿದಾರೇನೇ?"

"ಒಂದಿನ ಎದ್ದು ನಿಂತು ಹೇಳ್ಬಿಡು ಎಲ್ಲರ ಮುಂದೆ."

"ಬ್ಯಾಡ. ಹೇಳಿದ್ರೆ ಹೊಸ ಗ್ಲಾಸು ತರ್ತಾರೆ."

ಆಮೇಲೆ ಹಿತ್ತಾಳೆ ಮಾಪನ್ನು ಮಡಿಲಲ್ಲಿಟ್ಟುಕೊಂಡು ಬೂದಿಯಿಂದ ಉಜ್ಜಿದಳು. ಆಗಿನ್ನೂ ಅದಕ್ಕೆ ಕಪಾಟು ಇರಲಿಲ್ಲ. ಹಿಂದಿನ ಕೋಣೆಯ ಮೂಲೆಯಲ್ಲಿರುತ್ತಿತ್ತು. ಅದರ ಅಂಚಿನ ಮೇಲೆ ಹೆಬ್ಬೆರಳಾಡಿಸುವ ಅಮ್ಮನನ್ನು ನೋಡಿ ಮಗಳು ಕೇಳಿದಳು: "ಇಷ್ಟು ಆಸೆ ಇದ್ರೆ ಸ್ವಲ್ಪ ರಸ ಹಾಕ್ಕೊಂಡು ಕುಡ್ದುಬಿಡಬಾರದಾ? ಯಾರು ನೋಡ್ತಾರೆ?"

ಅಮ್ಮ ಇನ್ನೊಂದು ಹಿಡಿ ಬೂದಿ ತೆಗೆದುಕೊಂಡಳು.

"ಒಬ್ಬಳೇ ಕುಡಿದ್ರೆ ಅದು ಬರೀ ರಸ ಕಣೇ. ನಾಲ್ಕು ಜನ ಬಾಯಿ ಹಚ್ಚಿದ್ಮೇಲೆ ಕುಡಿದ್ರೆ ಊಟ."

*

ಪಾದ್ರಿ ರೊಟ್ಟಿ ಮುರಿದರು. ಮಾಪು ತುಂಬಿಸಿದರು.

ಮಗಳು ಹೇಳಿದಂತೆ ಹಿಂದಿನ ಬೆಂಚಿನಿಂದ ಶುರುವಾಯಿತು. ತೊಗಲು ಓಣಿಯವರಲ್ಲಿ ಬಹುಪಾಲು ಜನ ಆ ಪಾತ್ರೆಯನ್ನು ಮುಟ್ಟಿಯೇ ಇರಲಿಲ್ಲ. ಮೊದಲಿಗೆ ಹೇಗೆ ಹಿಡಿಯಬೇಕೆಂದು ತಿಳಿಯದೆ ತಡವರಿಸಿದರು. ತೊಟ್ಟಿಯ ಕೆಲಸದ ಮುದುಕನೊಬ್ಬ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದ ಕೂಡಲೇ, "ಅರೆ, ಇದು ನಮ್ಮ ಮಾಪು!" ಎಂದುಬಿಟ್ಟ. ಆಮೇಲೆ ಅದು ಬಾಯಿಂದ ಬಾಯಿಗೆ ಸರಾಗವಾಗಿ ಹೋಯಿತು. ಗುಟುಕಿನ ಸದ್ದು ಕೇಳುತ್ತಿತ್ತು. ಅತ್ತೆ ಕುಡಿದು ಸೆರಗಿನಿಂದ ತುಟಿ ಒರೆಸಿಕೊಂಡಳು. ಬಟ್ಟಲಿನ ಅಂಚನ್ನು ಒರೆಸಲಿಲ್ಲ. ಮಗಳೂ ಕುಡಿದಳು. ನಡು ಹಾದಿ ಮುಟ್ಟುವಷ್ಟರಲ್ಲಿ ಮಾಪು ಬರಿದಾಗಿತ್ತು. ಪಾದ್ರಿ ಅದನ್ನು ಮತ್ತೆ ತುಂಬಿಸಿದರು, ಅಂಚಿನವರೆಗೆ.

ಮುಂದಿನ ಬೆಂಚುಗಳ ಸರದಿ.

ಅವರು ಮಾಪನ್ನು ಎರಡೂ ಕೈಯಿಂದ ಹಿಡಿದರು. ಕಣ್ಣು ಮುಚ್ಚಿದರು. ತುಟಿಯ ಮಟ್ಟಕ್ಕೆ ಎತ್ತಿದರು. ತಲೆ ಬಾಗಿಸಿದರು. ಪಕ್ಕದವರಿಗೆ ದಾಟಿಸಿದರು. ಯಾರೂ ಇಲ್ಲ ಎನ್ನಲಿಲ್ಲ, ಯಾರೂ ಮುಖ ತಿರುಗಿಸಲಿಲ್ಲ, ಒಂದು ಹನಿಯೂ ಚೆಲ್ಲಲಿಲ್ಲ. ಇಷ್ಟು ಭಕ್ತಿಯಿಂದ ಕುಡಿಯದೇ ಇರುವುದನ್ನು ಕಲಿಯಲು ಒಂದು ಸಭೆ ಎಷ್ಟು ಹಂತ ಏರಬೇಕಾಯಿತೋ!

ಯಜಮಾನರ ತಾಯಿಯ ಕೈಗೆ ಬಂದಾಗ ಮಾತ್ರ ಮಾಪು ನಿಂತಿತು. ಮಂಜುಗಣ್ಣಿನ ಮುದುಕಿ ಅದರ ಹೊಟ್ಟೆಯನ್ನು ಸವರಿದಳು. ಬೆರಳಿಗೆ ಏನೋ ನೆನಪಾದಂತೆ ಮುಖ ಅರಳಿತು. ಬಾಯಿ ತೆರೆದು ಎತ್ತಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿದ್ದ ಸೊಸೆ, "ಭಾರ ಇದೆ ಅತ್ತೆ, ಕೈ ಸೋಲುತ್ತೆ ನಿಮಗೆ," ಎಂದು ಮೆಲ್ಲನೆ ಬಿಡಿಸಿಕೊಂಡಳು. ಮುದುಕಿಯ ಬಾಯಿ ಸ್ವಲ್ಪ ಹೊತ್ತು ತೆರೆದೇ ಇತ್ತು.

ಮಾಪು ಪಾದ್ರಿಯ ಕೈಗೆ ಮರಳಿತು. ಅಂಚಿನವರೆಗೂ ತುಂಬಿತ್ತು.

ಪಾದ್ರಿ ಅದನ್ನು ನೋಡಿದರು. ಪೆಟ್ಟಿಗೆಯ ಬಳಿ ಅತ್ತೆಯ ಜೊತೆ ನಿಂತಿದ್ದ ಮಗಳನ್ನು ನೋಡಿದರು. ಅವರು ಮಾಪನ್ನು ಎತ್ತಿದ್ದು ನಿಜ. ಅದರ ಅಂಚು ಗಲ್ಲದವರೆಗೆ ಬಂದಿದ್ದೂ ನಿಜ. ಮುಂದಿನ ಬೆಂಚುಗಳ ಕಣ್ಣೆಲ್ಲ ಅವರ ತುಟಿಯ ಮೇಲಿತ್ತು. ಆಗ ಯಜಮಾನರು ಪಕ್ಕದ ಮೇಜಿನ ಮೇಲಿದ್ದ ಮುಂದಿನ ಬೆಂಚಿನ ತಟ್ಟೆಯಿಂದ ಒಂದು ಪುಟ್ಟ ಗ್ಲಾಸು ತೆಗೆದು ಅವರ ಮುಂದೆ ಚಾಚಿದರು. ಹೋದ ಶನಿವಾರ, ಕೆಮ್ಮುತ್ತಲೇ ಬಂದು, ಸುಣ್ಣದಕ್ಕ ಜಯಂತಿಗೆಂದು ತೊಳೆದು ಜೋಡಿಸಿಟ್ಟು ಹೋಗಿದ್ದ ತಟ್ಟೆ ಅದು.

ಪಾದ್ರಿ ಗ್ಲಾಸು ತೆಗೆದುಕೊಂಡರು. ಮಾಪಿನಿಂದ ಅದಕ್ಕೆ ಬಗ್ಗಿಸಿಕೊಂಡರು. ಯಾರ ಮುಖವನ್ನೂ ನೋಡಲಾರದೆ ತಲೆ ಹಿಂದಕ್ಕೆ ಚೆಲ್ಲಿ ಒಂದೇ ಗುಟುಕಿಗೆ ಕುಡಿದರು. ಪೆಟ್ಟಿಗೆಯ ಕಡೆಯಿಂದ ಕಾಣುವಂತೆ, ಮೇಲೆತ್ತಿದ ಗ್ಲಾಸಿನ ತಳದಲ್ಲಿ ಕೆಂಪು ಚುಕ್ಕೆ ಇತ್ತು.

ಅತ್ತೆ ಮಗಳ ತೋಳನ್ನು ಗಟ್ಟಿಯಾಗಿ ಹಿಡಿದಳು. "ನೋಡಿದ್ಯೇನೇ? ನೋಡೇ, ನಿಮ್ಮಮ್ಮನ ಕೆಲಸ! ಹೇಳೇ ಹುಡುಗಿ, ಇವತ್ತಾದ್ರೂ ಕೂಗಿ ಹೇಳು." ಪಿಸುದನಿಯಲ್ಲಿ ನಗು ಶುರುವಾಗಿ, ನಡುವೆಯೇ ಮುರಿದು, ಅಳುವಾಗಿ ಹೊರಬಂತು.

ಮಗಳು ಬಾಯಿ ತೆರೆದಳು. ಪೆಟ್ಟಿಗೆಯತ್ತ ನೋಡಿದಳು.

"ಬ್ಯಾಡ ಅತ್ತೆ. ಹೊಸ ಗ್ಲಾಸು ತರ್ತಾರೆ."

ಅವಳು ಹೋಗಿ ಪಾದ್ರಿಯ ಕೈಯಿಂದ ಮಾಪು ತೆಗೆದುಕೊಂಡಳು. ಅವರು ಏನೋ ಹೇಳಲು ಹೋದರು, ಅವಳು ಕೇಳಿಸಿಕೊಳ್ಳಲಿಲ್ಲ. ಬೆರಳು ಅದ್ದಿ ತಾಯಿಯ ತುಟಿಗೆ ಸವರಿದಳು. ತುಟಿ ಬಿಗಿದಿತ್ತು. ಹನಿ ಬಾಯಿಯ ಮೂಲೆಯಿಂದ ಇಳಿದು ಕುತ್ತಿಗೆಯ ಬಿಳಿ ಬಟ್ಟೆಗೆ ಹೀರಿಕೊಂಡಿತು. ಕೊನೆಯ ಗುಟುಕಿನಷ್ಟೇ ಉಳಿಯಬೇಕಿದ್ದ ಮಾಪು ಎರಡೂ ಕೈಗೆ ಭಾರವಾಗಿತ್ತು. ಎಲ್ಲಿಡಬೇಕೋ ತಿಳಿಯದೆ, ತಾಯಿಯ ಎದೆಯ ಮೇಲೆ, ಸುಣ್ಣ ತಿಂದು ಸೀಳಿದ ಆ ಎರಡು ಕೈಗಳ ನಡುವೆ ಇಟ್ಟಳು.

ಹೊರಗೆ ಗಂಟೆ ಹೊಡೆಯತೊಡಗಿತು. ಬೆಂಚುಗಳು ಸರಿದವು, ಮುಂದಿನವರು ಮೊದಲು ಎದ್ದರು. ಅಷ್ಟೊಂದು ಕಾಲುಗಳು ಪೆಟ್ಟಿಗೆಯ ಪಕ್ಕದಿಂದ ದಾಟಿ ಹೋದರೂ ಮಾಪಿನೊಳಗಿನ ರಸ ಅಲುಗಲಿಲ್ಲ. ಅದು ಕೂತಿದ್ದ ಎದೆಯಲ್ಲಿ ಏರಿಳಿತವಿರಲಿಲ್ಲ. ಬಣ್ಣದ ಕಿಟಕಿಯೊಂದರ ಬಿಂಬ ತಲೆಕೆಳಗಾಗಿ ರಸದಲ್ಲಿ ಬಿದ್ದಿತ್ತು, ಒಂದು ಗೆರೆಯೂ ಮುರಿಯದೆ.