ಒದ್ದೆ ತೊಗಲು

ಫ್ಯಾನಿನ ಗಾಳಿಗೆ ಎಲೆಗಳು ಸರಸರ ಅನ್ನುತ್ತಿವೆ, ಇಗರ್ಜಿಯೊಳಗೆ ಎಲೆ ಎಲ್ಲಿಂದ ಬಂತು ಎಂದು ಬಸ್ತ್ಯಾಂವ ಕೀಬೋರ್ಡಿನಿಂದ ತಲೆ ಎತ್ತಿದರೆ, ಬಾಗಿಲಲ್ಲಿ ಅವ್ವ, ಮಾರ್ಥಾ, ಅರವತ್ತು ದಾಟಿದವಳು, ಹಬ್ಬದ ಸೀರೆಯ ಮೇಲೆ ಸೊಂಟದ ಸುತ್ತ ಮಾವಿನೆಲೆ ಕಟ್ಟಿಸಿಕೊಂಡು, ಕರಿ ಗಲ್ಲದ ಮೇಲೆ ಬಿಳಿ ಬಣ್ಣದ ಚುಕ್ಕಿ ಇಡಿಸಿಕೊಂಡು, ರೊಟ್ಟಿ ದ್ರಾಕ್ಷಾರಸದ ತಾಟು ಹಿಡಿದು ನಿಂತಿದ್ದಾಳೆ, ಕಾಣಿಕೆಯ ಮೆರವಣಿಗೆ ಇನ್ನೇನು ಹೊರಡಬೇಕು, ಬಿಷಪ್ಪರು ಪೀಠದ ಪಕ್ಕದ ಕುರ್ಚಿಯಲ್ಲಿ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದಾರೆ. ಯಾವ ಸಿದ್ದಿ ಹೆಂಗಸು ಎಲೆ ಉಟ್ಟು ಗದ್ದೆಗೆ ಹೋಗಿದ್ದಳು, ಅಜ್ಜಿ ಹೋದದ್ದು ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆಯಲ್ಲಿ, ಅವ್ವ ಹೋಗುವುದು ನೈಟಿಯ ಮೇಲೆ ಅಪ್ಪನ ಅಂಗಿ ತೊಟ್ಟು, ಎಲೆ ಬಂದದ್ದು ದಾಂಡೇಲಿಯ ರಿಸಾರ್ಟಿನಿಂದ, ಅಲ್ಲಿ ಶನಿವಾರ ಬೆಂಕಿ ಹಾಕಿ ಪ್ರವಾಸಿಗರ ಮುಂದೆ ಸಿದ್ದಿ ಹುಡುಗರನ್ನು ಎಲೆ ಉಡಿಸಿ ಕುಣಿಸುತ್ತಾರೆ, ಕರಾವಳಿ ಕಡೆಯಿಂದ ಹೊಸದಾಗಿ ಬಂದ ಫಾದರ್ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದರು, ನೋಡು ಬಸ್ತ್ಯಾಂವ, ಇದು ನಿಮ್ಮ ಸಂಸ್ಕೃತಿ, ಇದನ್ನು ದೇವರಿಗೆ ಕೊಡಬೇಕು, ಬಿಷಪ್ಪರಿಗೆ ಖುಷಿ ಆಗ್ತದೆ, ನಿನ್ನ ತಾಯಿಯೇ ಮುಂದೆ ಇರಲಿ. ಆಗಲಿ ಫಾದರ್ ಅಂದ ಅವನು, ಮಿಷನ್ ಶಾಲೆಯ ಸಂಗೀತದ ಮಾಸ್ತರ ಇನ್ನೇನು ಅಂದಾನು, ಮನೆಗೆ ಬಂದು ಅವ್ವನಿಗೆ ಹೇಳಿದ, ನೀ ಒಲ್ಲೆ ಅಂದುಬಿಡವ್ವ. ಮೀನು ಹೆಚ್ಚುತ್ತಿದ್ದವಳು ತಲೆ ಸಹ ಎತ್ತಲಿಲ್ಲ, ಅಲ್ಲಿ ನೀ ಹೂಂ ಅಂದು ಬಂದು ಇಲ್ಲಿ ನನಗ ಒಲ್ಲೆ ಅನ್ನು ಅಂತೀಯೇನೋ, ಭಾಳ ಶಾಣ್ಯಾ ಅದಿ ಬಿಡು.

ಮತ್ತೆ ಆ ಡಮಾಮಿ, ಸಿದ್ದಿಗಳ ಡೋಲು, ಸ್ಪೀಕರ್ ಡಬ್ಬಿಯ ಪಕ್ಕದಲ್ಲಿ ಬಾಯಿ ಮೇಲಾಗಿ ಕೂತಿದೆ, ತೊಗಲಿನ ನಡುವೆ ನೀರು ನಿಂತಿದೆ — ಅಜ್ಜ ಇನಾಸನ ಡಮಾಮಿ, ಅದನ್ನು ಬಾರಿಸುವ ಮೊದಲು ಅಂಗಳದಲ್ಲಿ ಕಾಯಿ ಒಡೆದು, ಹಿರಿಯರ ಹೆಸರಿಗೆ ನಾಲ್ಕು ಹನಿ ಸೆರೆ ನೆಲಕ್ಕೆ ಬಿಟ್ಟು, ಹುಲ್ಲಿನ ಬೆಂಕಿಗೆ ತೊಗಲು ಕಾಯಿಸಬೇಕು, ಕಾಯ್ದರೆ ಬಿಗಿಯುತ್ತದೆ, ಬಿಗಿದರೆ ಮಾತಾಡುತ್ತದೆ. ಬೆಳಿಗ್ಗೆ ಇಗರ್ಜಿಯ ಹಿತ್ತಲಲ್ಲಿ ತಾನೇ ಕಾಯಿಸಿದ, ಬೆರಳು ತಾಗಿಸಿದರೆ ಢಣ್ ಅಂದಿತ್ತು, ಅಷ್ಟರಲ್ಲಿ ಫಾದರ್ ಬಂದರು, ಸೆರೆ ಗಿರೆ ಎಲ್ಲ ಬೇಡ, ನಾನೇ ಆಶೀರ್ವಾದ ಮಾಡ್ತೇನೆ, ಎಂದು ಹೊಸ ಕಾರಿಗೆ ಎರಚುವ ಹಾಗೆ ಪವಿತ್ರ ಜಲ ಎರಚಿದರು, ಒಮ್ಮೆಯಲ್ಲ, ಮತ್ತೆ ಮತ್ತೆ, ಬಸ್ತ್ಯಾಂವ ಟವೆಲ್ ತೆಗೆದರೆ ಛೇ ಛೇ ತೀರ್ಥ ಒರೆಸಬಾರದು. ಬಾರಿಸಲು ಬಂದ ಜಾವೇದ, ಅವನೂ ಸಿದ್ದಿಯೇ, ಪಕ್ಕದ ಓಣಿಯವ, ಕಿವಿಯಲ್ಲಿ ಅಂದ, ಜಳಕಾ ಮಾಡಿಸ್ಯಾರಲ್ಲೋ ಇದಕ್ಕ, ಇನ್ನ ಚಾದರ ಹೊಚ್ಚಿ ಮಲಗಿಸು. ಅಜ್ಜನ ಕಾಲದ ಪಾದ್ರಿಗೆ ಇದೇ ಡಮಾಮಿಯಲ್ಲಿ ದೆವ್ವ ಕಂಡಿತ್ತು, ದನದ ಕೊಟ್ಟಿಗೆಗೆ ಹಾಕಿಸಿ ಅಜ್ಜನ ಕೈಗೆ ಹಾರ್ಮೋನಿಯಂ ಕೊಟ್ಟ, ಅರ್ಥ ಗೊತ್ತಿಲ್ಲದ ಲ್ಯಾಟಿನ್ ಸ್ತುತಿಗಳನ್ನು ಅಜ್ಜ ಸಾಯುವ ತನಕ ಹಾಡಿದ, ಚೆಂದ ಹಾಡಿದ, ಅದೇ ಹೇಸಿಗೆ, ಆ ಹಾಡು ಕೇಳಿದರೆ ಇವತ್ತಿಗೂ ಮೈಮೇಲಿನ ಕೂದಲು ಏಳುತ್ತವೆ, ದೇವರು ಇದ್ದರೆ ಆ ಸ್ವರದಲ್ಲೇ ಇದ್ದಾನೆ, ಸಾಲಿನಲ್ಲಿ ಕೂತ ಇವರ ಹತ್ತಿರ ಅಲ್ಲ. ಹಳಿಯಾಳದ ಹಾಸ್ಟೆಲ್ಲಿನ ಲೈಬ್ರರಿಯಲ್ಲಿ ಬೆನ್ನು ಹರಿದ ಒಂದು ಚರಿತ್ರೆ ಪುಸ್ತಕ ಇತ್ತು, ಆಫ್ರಿಕಾದಿಂದ ತಂದು ಹಡಗಿನಿಂದ ಇಳಿಸಿದ ಸಿದ್ದಿಗಳ ಹಿರಿಯರನ್ನು ಗೋವೆಯಲ್ಲಿ ಸಾಲಾಗಿ ನಿಲ್ಲಿಸಿ ತಲೆಗೆ ನೀರು ಹಾಕುತ್ತಿದ್ದರಂತೆ, ನೀರು ಬಿತ್ತು, ಹೆಸರು ಹೋಯಿತು, ಹೊಸ ಹೆಸರು ಬಂತು, ಆಮೇಲೆ ಮಾರಿದರು, ಓಡಿದವರು ಘಟ್ಟ ಹತ್ತಿ ಕ್ಯಾಸಲ್‌ರಾಕ್ ಕಡೆಯ ಕಾಡು ಸೇರಿದರು, ಬೆನ್ನ ಮೇಲಿನ ಬರೆ ಮಾಯ್ದವು, ಬಸ್ತ್ಯಾಂವ ಅನ್ನುವ ಹೆಸರು ಮಾತ್ರ ಉಳಿಯಿತು, ತೀರ್ಥ ಒರೆಸಬಾರದು, ತೊಗಲಿನ ಮೇಲೆ ನೀರು, ಅಂದೂ ತೊಗಲಿನ ಮೇಲೆ ನೀರು.

ಫಾದರ್ ಕೈ ಎತ್ತಿದರು, ಅವ್ವ ಹೆಜ್ಜೆ ಕಿತ್ತಳು, ಜಾವೇದ ಹೊಡೆದ — ಬದ್. ಒದ್ದೆ ಚೀಲಕ್ಕೆ ಹೊಡೆದ ಹಾಗೆ, ಇನ್ನೊಮ್ಮೆ ಬದ್, ನೀರು ಸಿಡಿದು ಜಾವೇದನ ಮುಖಕ್ಕೆ, ಹುಡುಗಿಯರ ಸಾಲಿನಲ್ಲಿ ಕಿಸಕ್ಕೆಂದ ನಗು, ಅವ್ವ ಕೀಬೋರ್ಡಿನ ಪಕ್ಕಕ್ಕೆ ಬಂದು ನಡುದಾರಿಯಲ್ಲಿ ನಿಂತುಬಿಟ್ಟಿದ್ದಾಳೆ, ಬಿಷಪ್ಪರು ಕಣ್ಣು ಬಿಟ್ಟಿದ್ದಾರೆ, ಫಾದರ್ ನಗುಮುಖದಲ್ಲೇ ಹತ್ತಿರ ಬಂದು ಮೈಕಿಗೆ ಅಂಗೈ ಮುಚ್ಚಿ, ಕೀಬೋರ್ಡಿನಲ್ಲಿ ಉಂಟಲ್ಲ ಮಾರಾಯ, ಆಫ್ರಿಕನ್ ಬೀಟ್, ಅದನ್ನೇ ಹಾಕು. ಉಂಟು, ಹೌದು, ಯಾವುದೋ ದೇಶದ ಫ್ಯಾಕ್ಟರಿಯಲ್ಲಿ ಯಾವನೋ ತುಂಬಿಸಿದ್ದು, ಕೆಂಪು ಗುಂಡಿ ಒತ್ತಿದರೆ ಸಾಕು, ಅವ್ವ ಕುಣಿಯಬೇಕು, ಈ ಮೊಣಕಾಲಿನಲ್ಲಿ, ಈ ಎಲೆಯಲ್ಲಿ, ಡಬ್ಬಿಯ ತಾಳಕ್ಕೆ. ಒತ್ತದೆ ಇರಬಹುದು, ಅಜ್ಜನ ಸ್ತುತಿಯನ್ನೇ ಕೈಯಿಂದ ನುಡಿಸಬಹುದು, ಮೆಲ್ಲಗೆ, ಅವ್ವ ಸುಮ್ಮನೆ ನಡೆದು ಹೋಗಿ ತಾಟು ಕೊಟ್ಟು ಬರಬಹುದು, ಮನುಷ್ಯಳ ಹಾಗೆ, ಎಡಗೈ ಆಗಲೇ ಮೊದಲ ಸ್ವರದ ಮೇಲಿದೆ, ಬಲಗೈಯ ತೋರುಬೆರಳು ಗುಂಡಿಯ ಮೇಲಿದೆ, ಫಾದರಿನ ಬಾಯಿಂದ ಏಲಕ್ಕಿಯ ವಾಸನೆ, ಅವ್ವನ ಗಲ್ಲದ ಬಿಳಿ ಚುಕ್ಕಿ ಬೆವರಿಗೆ ಕರಗಿ ತುಟಿಗೆ ಇಳಿದಿದೆ, ಅವಳು ಅದನ್ನು ನಾಲಿಗೆಯಿಂದ ಸವರಿ ಉಗುಳಲಾರದೆ ನುಂಗಿ, ತಗ್ಗಿದ ದನಿಯಲ್ಲಿ, ಒತ್ತಿ ಹಾಕೋ ಮಗನ, ಮೊಣಕಾಲ ನೋಯಾಕತ್ತಾವ. ಒತ್ತಿದ. ಡಬ್ಬಿ ಗುಡುಗಿತು, ಎಲೆಗಳು ಹಾರಿದವು, ಚಪ್ಪಾಳೆ ಎದ್ದಿತು, ಬಿಷಪ್ಪರ ಉಂಗುರದ ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಿದೆ, ಬಸ್ತ್ಯಾಂವ ಅವ್ವನ ಕಡೆ ನೋಡಲಿಲ್ಲ, ನೋಡಲಾರ, ಡಮಾಮಿಯ ಕಡೆ ನೋಡಿದ, ಅದಕ್ಕೆ ಈಗ ಯಾರ ಕೈಯೂ ತಾಗಿಲ್ಲ, ಪಕ್ಕದ ಡಬ್ಬಿಯ ಸದ್ದಿಗೆ ಜೋಲು ಬಿದ್ದ ತೊಗಲು ಅದುರುತ್ತಿದೆ, ಅದರ ಮೇಲಿನ ನೀರು ಕುಣಿಯುತ್ತಿದೆ, ಹನಿ ಹನಿಯಾಗಿ ಎದ್ದು ಬಿದ್ದು, ತೊಗಲಿನ ಮೇಲೆ ನೀರು ಕುಣಿಯುತ್ತಿದೆ, ನೀರು ಕುಣಿಯುತ್ತಿದೆ, ನೀರು